ರಿವಾಲ್ವರ್ ಮದ್ದುಗುಂಡು: ಮದ್ದು ಹಾಗೂ ಪ್ರೈಮರ್ ಆಯ್ಕೆಯ ತತ್ತ್ವಗಳು ಮತ್ತು ಪರವಾನಗಿದಾರರು ತಿಳಿದಿರಬೇಕಾದ ಅಂಶಗಳು

1. ಪೀಠಿಕೆ

ಹಾರಿಸಿದ ಕಾಡತೂಸಿನ ಖಾಲಿ ಹಿತ್ತಾಳೆ ಕವಚವನ್ನು ಮತ್ತೆ ತುಂಬಿ ಬಳಸುವ ಪದ್ಧತಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ. ಗುರಿ ಅಭ್ಯಾಸ ಮಾಡುವವರು ಅಲ್ಲಿ ಖರ್ಚು ಉಳಿಸುವ ಸಲುವಾಗಿಯೂ, ತಮ್ಮ ಆಯುಧಕ್ಕೆ ಒಗ್ಗುವ ಕಾಡತೂಸನ್ನು ಪಡೆಯುವ ಸಲುವಾಗಿಯೂ ಈ ಕೆಲಸವನ್ನು ಮನೆಯಲ್ಲಿಯೇ ಮಾಡುತ್ತಾರೆ. ರಿವಾಲ್ವರಿನಲ್ಲಿ ಹಾರಿಸಿದ ಕವಚವು ಹೊರಕ್ಕೆ ಸಿಡಿಯದೆ ಸಿಲಿಂಡರಿನಲ್ಲಿಯೇ ಉಳಿಯುವುದರಿಂದ ಕವಚಗಳನ್ನು ಒಟ್ಟುಗೂಡಿಸುವುದು ಸುಲಭ. ಈ ಕಾರಣದಿಂದ ರಿವಾಲ್ವರ್ ಕಾಡತೂಸುಗಳನ್ನು ಕೈಯಿಂದ ತುಂಬುವವರ ಸಂಖ್ಯೆ ಅಲ್ಲಿ ಹೆಚ್ಚು.

ಈ ವಿಷಯದ ಪುಸ್ತಕಗಳೂ ದೃಶ್ಯಚಿತ್ರಗಳೂ ಇಂದು ಎಲ್ಲ ದೇಶದವರಿಗೂ ದೊರೆಯುತ್ತಿವೆ. ಅವುಗಳನ್ನು ನೋಡಿದ ಭಾರತದ ಪರವಾನಗಿದಾರರಲ್ಲಿ, ತಾವೂ ಹಾಗೆ ಮಾಡಬಹುದೆಂಬ ಭಾವನೆ ಮೂಡುವ ಸಾಧ್ಯತೆ ಇದೆ. ಆದರೆ ಎರಡು ದೇಶಗಳ ಕಾನೂನು ಒಂದೇ ಅಲ್ಲ. ಆದ್ದರಿಂದ ಮದ್ದು ಮತ್ತು ಪ್ರೈಮರ್‌ಗಳ ಆಯ್ಕೆ ಯಾವ ತತ್ತ್ವಗಳ ಮೇಲೆ ನಡೆಯುತ್ತದೆ, ಅದರಲ್ಲಿ ಅಪಾಯ ಎಲ್ಲಿದೆ, ಭಾರತದ ಕಾನೂನು ಏನು ಹೇಳುತ್ತದೆ ಹಾಗೂ ಪರವಾನಗಿದಾರರು ವಹಿಸಬೇಕಾದ ಎಚ್ಚರಿಕೆಗಳಾವುವು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ. ಕಾಡತೂಸು ತುಂಬುವ ಪ್ರಮಾಣಗಳನ್ನು ಉದ್ದೇಶಪೂರ್ವಕವಾಗಿ ನೀಡಿರುವುದಿಲ್ಲ.

2. ಕಾಡತೂಸಿನ ನಾಲ್ಕು ಅಂಗಗಳು

ಪ್ರತಿಯೊಂದು ಕಾಡತೂಸಿನಲ್ಲಿ ನಾಲ್ಕು ಅಂಗಗಳಿರುತ್ತವೆ: ಹಿತ್ತಾಳೆಯ ಕವಚ, ಅದರ ತಳದಲ್ಲಿ ಕೂರಿಸಿದ ಪ್ರೈಮರ್, ಒಳಗಿನ ಮದ್ದು ಮತ್ತು ಬಾಯಲ್ಲಿ ಬಿಗಿದ ಗುಂಡು. ಟ್ರಿಗರ್ ಎಳೆದಾಗ ಹ್ಯಾಮರ್ ಪ್ರೈಮರಿಗೆ ಬಡಿಯುತ್ತದೆ. ಪ್ರೈಮರಿನೊಳಗಿನ ಸೂಕ್ಷ್ಮ ಸ್ಫೋಟಕವು ಆ ಪೆಟ್ಟಿಗೆ ಸಿಡಿದು, ಕವಚದ ತಳದ ರಂಧ್ರದ ಮೂಲಕ ಜ್ವಾಲೆಯನ್ನು ಒಳಕ್ಕೆ ಕಳುಹಿಸುತ್ತದೆ. ಆಗ ಮದ್ದು ಉರಿದು ಅನಿಲವಾಗುತ್ತದೆ. ಅನಿಲದ ಒತ್ತಡವು ಗುಂಡನ್ನು ನಳಿಗೆಯ ಮೂಲಕ ಹೊರದೂಡುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಹೊಗೆರಹಿತ ಮದ್ದು ಸರಿಯಾದ ಸ್ಥಿತಿಯಲ್ಲಿ ಸಿಡಿಯುವ ವಸ್ತುವಲ್ಲ, ಉರಿಯುವ ವಸ್ತು. ಬಯಲಿನಲ್ಲಿ ಅದು ಕೇವಲ ಹೊತ್ತಿ ಉರಿಯುತ್ತದೆ. ಇಕ್ಕಟ್ಟಾದ ಕವಚದಲ್ಲಿ ಒತ್ತಡ ಏರಿದಂತೆ ಉರಿಯುವ ವೇಗವೂ ಏರುತ್ತದೆ. ವೇಗ ಏರಿದಂತೆ ಒತ್ತಡ ಮತ್ತಷ್ಟು ಏರುತ್ತದೆ. ಇದರಿಂದಾಗಿ ಮದ್ದಿನ ಪ್ರಮಾಣದಲ್ಲಿನ ಅಲ್ಪ ವ್ಯತ್ಯಾಸವು ಒತ್ತಡದಲ್ಲಿ ಬಹು ದೊಡ್ಡ ವ್ಯತ್ಯಾಸವನ್ನು ಉಂಟುಮಾಡಬಲ್ಲದು. ಮದ್ದನ್ನು ತೂಗುವ ಮಾನ ಗ್ರೇನ್. ಒಂದು ಪೌಂಡಿಗೆ 7000 ಗ್ರೇನ್‌ಗಳು. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ರಿವಾಲ್ವರಿನ ಸಾಧಾರಣ ಕಾಡತೂಸಿನಲ್ಲಿ ಕೆಲವೇ ಗ್ರೇನ್ ಮದ್ದು ಇರುವುದರಿಂದ, ಕಣ್ಣಳತೆಗೆ ಇಲ್ಲಿ ಸ್ಥಾನವಿಲ್ಲ.

3. ಮದ್ದು ಮತ್ತು ಪ್ರೈಮರ್‌ಗಳ ಸಂಕ್ಷಿಪ್ತ ಇತಿಹಾಸ

ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕಗಳ ಮಿಶ್ರಣವಾದ ಕಪ್ಪು ಮದ್ದು ಶತಮಾನಗಳ ಕಾಲ ಬಳಕೆಯಲ್ಲಿದ್ದ ಏಕೈಕ ಮದ್ದಾಗಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ನೈಟ್ರೊಸೆಲ್ಯುಲೋಸ್ ಆಧಾರಿತ ಹೊಗೆರಹಿತ ಮದ್ದನ್ನು ರೂಪಿಸಿದನು. ಅದರ ಬೆನ್ನಲ್ಲಿಯೇ ಆಲ್ಫ್ರೆಡ್ ನೊಬೆಲ್ ನೈಟ್ರೊಗ್ಲಿಸರಿನ್ ಕೂಡಿದ ಮದ್ದನ್ನು ತಯಾರಿಸಿದನು. ಬ್ರಿಟನ್ 1889ರಲ್ಲಿ ಕಾರ್ಡೈಟ್ ಎಂಬ ಮದ್ದನ್ನು ರೂಪಿಸಿತು. ಭಾರತದಲ್ಲಿ ಇದೇ ಹೆಸರಿನ ಕಾರ್ಡೈಟ್ ಕಾರ್ಖಾನೆಯು ನೀಲಗಿರಿಯ ಅರುವಂಕಾಡಿನಲ್ಲಿ 1904ರಲ್ಲಿ ಸ್ಥಾಪನೆಗೊಂಡಿತು. ಇಂದಿಗೂ ನೈಟ್ರೊಸೆಲ್ಯುಲೋಸ್ ಮಾತ್ರ ಇರುವ ಮದ್ದನ್ನು ಏಕಮೂಲ ಮದ್ದು ಎಂದೂ, ನೈಟ್ರೊಗ್ಲಿಸರಿನ್ ಕೂಡಿದ್ದನ್ನು ದ್ವಿಮೂಲ ಮದ್ದು ಎಂದೂ ವಿಂಗಡಿಸಲಾಗುತ್ತದೆ.

ಪೆಟ್ಟಿಗೆ ಸಿಡಿಯುವ ಸ್ಫೋಟಕದಿಂದ ಮದ್ದು ಹೊತ್ತಿಸುವ ವಿಧಾನಕ್ಕೆ 1807ರಲ್ಲಿ ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸೈತ್. ಮುಂದೆ 1866ರ ಸುಮಾರಿನಲ್ಲಿ ಇಂದಿನ ಎರಡು ಮಾದರಿಯ ಪ್ರೈಮರ್‌ಗಳು ರೂಪುಗೊಂಡವು. ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ರೂಪಿಸಿದ ಪ್ರೈಮರಿನಲ್ಲಿ ಅಡಿಗಲ್ಲು ಪ್ರೈಮರಿನ ಒಳಗೇ ಇರುತ್ತದೆ ಮತ್ತು ಕವಚದ ತಳದ ನಡುವೆ ಒಂದೇ ರಂಧ್ರವಿರುತ್ತದೆ. ಅಮೆರಿಕದ ಹೈರಮ್ ಬರ್ಡನ್ ರೂಪಿಸಿದ ಮಾದರಿಯಲ್ಲಿ ಅಡಿಗಲ್ಲು ಕವಚದ ಭಾಗವಾಗಿದ್ದು, ಪಕ್ಕಗಳಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ರಂಧ್ರಗಳಿರುತ್ತವೆ. ಒಂದೇ ಸೂಜಿಯಿಂದ ಹಳೆಯ ಪ್ರೈಮರನ್ನು ಹೊರದಬ್ಬಬಹುದಾದ ಬಾಕ್ಸರ್ ಮಾದರಿಯೇ ಮರುತುಂಬುವಿಕೆಗೆ ಅನುಕೂಲವಾದುದು. ಇಂಗ್ಲಿಷಿನವನ ಮಾದರಿ ಅಮೆರಿಕದಲ್ಲಿಯೂ, ಅಮೆರಿಕದವನ ಮಾದರಿ ಯೂರೋಪಿನಲ್ಲಿಯೂ ನೆಲೆಯಾದದ್ದು ಈ ಇತಿಹಾಸದ ಒಂದು ವಿಶೇಷ.

4. ಮದ್ದಿನ ಆಯ್ಕೆ

ಮದ್ದಿನ ಆಯ್ಕೆಯಲ್ಲಿ ಮೊದಲು ಪರಿಗಣಿಸುವುದು ಅದರ ಉರಿಯುವ ವೇಗ. ಕಣಗಳ ಆಕಾರ, ಗಾತ್ರ ಮತ್ತು ಮೇಲ್ಮೈಗೆ ನೀಡಿದ ರಾಸಾಯನಿಕ ಲೇಪನಗಳಿಂದ ತಯಾರಕರು ಈ ವೇಗವನ್ನು ನಿಯಂತ್ರಿಸುತ್ತಾರೆ. ಚಪ್ಪಟೆ ಬಿಲ್ಲೆ, ಗುಂಡು ಮತ್ತು ಕೊಳವೆ ಎಂಬ ಮೂರು ಆಕಾರಗಳ ಮದ್ದುಗಳು ಸಾಮಾನ್ಯ.

ರಿವಾಲ್ವರ್ ಕಾಡತೂಸುಗಳಿಗೆ ಬಳಕೆಯಾಗುವ ಮದ್ದುಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು.

(ಅ) ವೇಗದ ಮದ್ದು: ಹಗುರ ಗುಂಡು, ಕಡಿಮೆ ವೇಗದ ಗುರಿ ಅಭ್ಯಾಸದ ಕಾಡತೂಸುಗಳಿಗೆ ಸಲ್ಲುತ್ತದೆ. ಬುಲ್ಸ್‌ಐ ಎಂಬ ಹಳೆಯ ಮದ್ದು ಈ ವರ್ಗಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಪ ಪ್ರಮಾಣವೇ ಸಾಕಾಗುವುದು ಇದರ ಗುಣ. ಅದೇ ಇದರ ಅಪಾಯವೂ ಹೌದು.

(ಆ) ಮಧ್ಯಮ ವೇಗದ ಮದ್ದು: ಸಾಧಾರಣ ಶಕ್ತಿಯ ಹಲವು ಕಾಡತೂಸುಗಳಿಗೆ ಸಲ್ಲುತ್ತದೆ. ಯೂನಿಕ್ ಎಂಬ ಬಿಲ್ಲೆ ಮದ್ದು ಇದಕ್ಕೆ ಉದಾಹರಣೆ.

(ಇ) ನಿಧಾನದ ಮದ್ದು: .357 ಮ್ಯಾಗ್ನಮ್ ಮತ್ತು .44 ಮ್ಯಾಗ್ನಮ್‌ನಂತಹ ಪ್ರಬಲ ಕಾಡತೂಸುಗಳಿಗೆ ಸಲ್ಲುತ್ತದೆ. 2400, ಎಚ್110 ಮತ್ತು ವಿಂಚೆಸ್ಟರ್ 296 ಇದಕ್ಕೆ ಉದಾಹರಣೆಗಳು. ಇವುಗಳಲ್ಲಿ ಕೊನೆಯ ಎರಡನ್ನು ತಯಾರಕರ ಕೋಷ್ಟಕದಲ್ಲಿ ಸೂಚಿಸಿದ ಪ್ರಮಾಣಕ್ಕಿಂತ ಗಣನೀಯವಾಗಿ ಕಡಿಮೆ ಮಾಡಬಾರದೆಂಬ ಎಚ್ಚರಿಕೆ ಇದೆ. ಕಡಿಮೆ ಮದ್ದು ಎಂದರೆ ಹೆಚ್ಚು ಸುರಕ್ಷತೆ ಎಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ತಪ್ಪಾಗುತ್ತದೆ. ಅಂತಹ ಮದ್ದು ಸರಿಯಾಗಿ ಹೊತ್ತಿಕೊಳ್ಳದೆ ಗುಂಡು ನಳಿಗೆಯಲ್ಲಿಯೇ ಸಿಲುಕಬಹುದು.

ಮದ್ದಿನ ಹೆಸರುಗಳೂ ದಾರಿ ತಪ್ಪಿಸಬಲ್ಲವು. ಎಚ್110 ಮತ್ತು ವಿಂಚೆಸ್ಟರ್ 296 ಎಂಬವು ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುವ ಒಂದೇ ಮದ್ದು. ಇದಕ್ಕೆ ವಿರುದ್ಧವಾಗಿ, ಕ್ಲೇಸ್, ಇಂಟರ್‌ನ್ಯಾಷನಲ್ ಕ್ಲೇಸ್ ಮತ್ತು ಯೂನಿವರ್ಸಲ್ ಕ್ಲೇಸ್ ಎಂಬ ಹೆಸರುಗಳಲ್ಲಿ ಮಾರಾಟವಾದವು ಮೂರು ಬೇರೆ ವೇಗದ ಮದ್ದುಗಳು. ಹೆಸರಿನ ಅರ್ಧವನ್ನಷ್ಟೇ ಓದಿ ಒಂದರ ಕೋಷ್ಟಕವನ್ನು ಇನ್ನೊಂದಕ್ಕೆ ಅನ್ವಯಿಸಿದಲ್ಲಿ ಆಯುಧ ಒಡೆಯಬಹುದು. ಬಣ್ಣ, ಆಕಾರ ಅಥವಾ ವಾಸನೆಯಿಂದ ಮದ್ದನ್ನು ಗುರುತಿಸುವುದು ಸಾಧ್ಯವಿಲ್ಲ. ಆದ್ದರಿಂದಲೇ, ಮೂಲ ಡಬ್ಬಿಯಲ್ಲಿಲ್ಲದ ಮದ್ದು ಎಷ್ಟೇ ಉತ್ತಮವಾಗಿ ಕಂಡರೂ ಬಳಸತಕ್ಕದ್ದಲ್ಲ ಎಂಬುದು ಅಲ್ಲಿನ ಮೊದಲ ನಿಯಮವಾಗಿದೆ.

5. ಪ್ರೈಮರಿನ ಆಯ್ಕೆ

ರಿವಾಲ್ವರಿಗೆ ಬಳಸುವ ಪ್ರೈಮರ್‌ಗಳು ಎರಡು ಗಾತ್ರದವು. ಸಣ್ಣ ಪಿಸ್ತೂಲು ಪ್ರೈಮರಿನ ವ್ಯಾಸ 0.175 ಅಂಗುಲ, ಇದು.32, .38 ಸ್ಪೆಷಲ್ ಮತ್ತು .357 ಮ್ಯಾಗ್ನಮ್ ಕಾಡತೂಸುಗಳಲ್ಲಿ ಬಳಕೆಯಾಗುತ್ತದೆ. ದೊಡ್ಡ ಪಿಸ್ತೂಲು ಪ್ರೈಮರಿನ ವ್ಯಾಸ 0.210 ಅಂಗುಲ; ಇದು .44 ಮ್ಯಾಗ್ನಮ್ ಮತ್ತು .45 ಕೋಲ್ಟ್ ಕಾಡತೂಸುಗಳಿಗೆ ಸೇರಿದ್ದು. ಪ್ರತಿ ಗಾತ್ರದಲ್ಲಿಯೂ ಸಾಧಾರಣ ಮತ್ತು ಮ್ಯಾಗ್ನಮ್ ಎಂಬ ಎರಡು ಬಗೆಗಳುಂಟು. ಹೊತ್ತಿಕೊಳ್ಳಲು ಕಷ್ಟವಾದ, ದಟ್ಟ ಲೇಪನದ ಗುಂಡುಮದ್ದುಗಳಿಗೆ ಹೆಚ್ಚಿನ ಜ್ವಾಲೆ ನೀಡುವ ಮ್ಯಾಗ್ನಮ್ ಪ್ರೈಮರನ್ನು ತಯಾರಕರು ಸೂಚಿಸುತ್ತಾರೆ. ಕಾಡತೂಸಿನ ಹೆಸರಿನಲ್ಲಿ ಮ್ಯಾಗ್ನಮ್ ಎಂದಿದ್ದ ಮಾತ್ರಕ್ಕೆ ಮ್ಯಾಗ್ನಮ್ ಪ್ರೈಮರ್ ಬೇಕೆಂದು ಅರ್ಥವಲ್ಲ. ಅದನ್ನು ನಿರ್ಧರಿಸುವುದು ಮದ್ದು.

ಸಣ್ಣ ರೈಫಲ್ ಪ್ರೈಮರಿನ ವ್ಯಾಸವೂ 0.175 ಅಂಗುಲವೇ ಆಗಿದ್ದು, ಅದು ಪಿಸ್ತೂಲು ಕವಚದಲ್ಲಿ ಕೂರುತ್ತದೆ. ಆದರೆ ಅದರ ಬಟ್ಟಲಿನ ಲೋಹ ದಪ್ಪವಾಗಿರುವುದರಿಂದ ರಿವಾಲ್ವರಿನ ಹ್ಯಾಮರಿನ ಪೆಟ್ಟಿಗೆ ಸಿಡಿಯದೆ ಹೋಗಬಹುದು. ದೊಡ್ಡ ರೈಫಲ್ ಪ್ರೈಮರಾದರೋ ದೊಡ್ಡ ಪಿಸ್ತೂಲು ಪ್ರೈಮರಿಗಿಂತ ಎತ್ತರವಾಗಿದ್ದು ಕವಚದ ತಳದಿಂದ ಹೊರಚಾಚುತ್ತದೆ. ಹೊರಚಾಚಿದ ಪ್ರೈಮರ್ ರಿವಾಲ್ವರಿನಲ್ಲಿ ವಿಶೇಷ ತೊಂದರೆಯನ್ನು ಉಂಟುಮಾಡುತ್ತದೆ: ಅದು ಹಿಂಬದಿಯ ಉಕ್ಕಿನ ಗೋಡೆಗೆ ಉಜ್ಜಿ ಸಿಲಿಂಡರ್ ತಿರುಗದಂತೆ ಮಾಡುತ್ತದೆ. ಆದ್ದರಿಂದ ಪ್ರೈಮರ್ ಯಾವಾಗಲೂ ಕವಚದ ತಳಕ್ಕಿಂತ ತುಸು ಒಳಗೆ ಕೂತಿರಬೇಕು.

ಹಳೆಯ ಪ್ರೈಮರ್‌ಗಳಲ್ಲಿ ಪಾದರಸದ ಫಲ್ಮಿನೇಟ್ ಮತ್ತು ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿದ್ದವು. ಕ್ಲೋರೇಟ್ ಸಿಡಿದಾಗ ಉಳಿಯುವ ಲವಣವು ಗಾಳಿಯ ತೇವವನ್ನು ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಇಂದಿನ ಪ್ರೈಮರ್‌ಗಳಲ್ಲಿ ಸಾಮಾನ್ಯವಾಗಿ ಸೀಸದ ಸ್ಟಿಫ್ನೇಟ್ ಇರುತ್ತದೆ. ಇದು ತುಕ್ಕು ತರುವುದಿಲ್ಲವಾದರೂ ಇದರ ಹೊಗೆಯಲ್ಲಿ ಸೀಸದ ಅಂಶವಿರುವುದರಿಂದ, ಅಭ್ಯಾಸದ ನಂತರ ಆಹಾರ ಸೇವಿಸುವ ಮೊದಲು ಕೈಗಳನ್ನು ಚೆನ್ನಾಗಿ ತೊಳೆಯಬೇಕು.

6. ಒಂದೇ ಸಂಖ್ಯೆ, ಬೇರೆ ಕಾಡತೂಸು

ಕಾಡತೂಸುಗಳ ಗರಿಷ್ಠ ಒತ್ತಡವನ್ನು ಅಮೆರಿಕದಲ್ಲಿ 1926ರಲ್ಲಿ ಸ್ಥಾಪನೆಯಾದ ಸಾಮಿ ಎಂಬ ತಯಾರಕರ ಸಂಸ್ಥೆಯು ನಿಗದಿಪಡಿಸುತ್ತದೆ. ಪ್ರತಿ ಚದರ ಅಂಗುಲಕ್ಕೆ ಪೌಂಡ್‌ಗಳ ಲೆಕ್ಕದಲ್ಲಿ ಕೆಲವು ಮಿತಿಗಳು ಹೀಗಿವೆ:

.45 ಕೋಲ್ಟ್ – 14,000
.38 ಸ್ಪೆಷಲ್ – 17,000
.357 ಮ್ಯಾಗ್ನಮ್ – 35,000
.44 ಮ್ಯಾಗ್ನಮ್ – 36,000

.38 ಸ್ಪೆಷಲ್ ಮತ್ತು .357 ಮ್ಯಾಗ್ನಮ್ ಗುಂಡುಗಳ ವ್ಯಾಸ ಒಂದೇ. ಆದರೆ ಒತ್ತಡದ ಮಿತಿಯಲ್ಲಿ ಎರಡರಷ್ಟು ಅಂತರವಿದೆ. 1935ರಲ್ಲಿ .357 ಮ್ಯಾಗ್ನಮ್ ಬಳಕೆಗೆ ಬಂದಾಗ ಅದರ ಕವಚವನ್ನು 0.135 ಅಂಗುಲ ಉದ್ದ ಮಾಡಿದ್ದು ಅದು ಹಳೆಯ .38 ರಿವಾಲ್ವರಿನ ಸಿಲಿಂಡರಿನಲ್ಲಿ ಕೂರದಿರಲೆಂದೇ. ಕಾರ್ಖಾನೆಯು ಕವಚದ ಉದ್ದದಿಂದ ಕಟ್ಟಿದ ಈ ತಡೆಯನ್ನು, .38ರ ಗಿಡ್ಡ ಕವಚಕ್ಕೆ ಮ್ಯಾಗ್ನಮ್ ಪ್ರಮಾಣದ ಮದ್ದು ತುಂಬುವ ವ್ಯಕ್ತಿಯು ಅರಿಯದೆಯೇ ಕೆಡವುತ್ತಾನೆ.

ಆಯುಧದ ವಯಸ್ಸನ್ನೂ ಪರಿಗಣಿಸಬೇಕು. 19ನೆಯ ಶತಮಾನದ ರಿವಾಲ್ವರುಗಳು ಕಪ್ಪು ಮದ್ದಿನ ಸೌಮ್ಯ ಒತ್ತಡಕ್ಕಾಗಿ ತಯಾರಾದವು. ಅವುಗಳಲ್ಲಿ ಹೊಗೆರಹಿತ ಮದ್ದಿನ ಕಾಡತೂಸನ್ನು ಬಳಸಿದಲ್ಲಿ ಸಿಲಿಂಡರ್ ಸೀಳುವ ಸಂಭವವಿದೆ. ಬ್ರಿಟಿಷ್ ಸೇನೆಯ ವೆಬ್ಲಿ ರಿವಾಲ್ವರುಗಳಲ್ಲಿ ಹಲವನ್ನು ಹಿಂಬದಿ ಅರೆದು .45 ಪಿಸ್ತೂಲು ಕಾಡತೂಸಿಗೆ ಮಾರ್ಪಡಿಸಲಾಗಿತ್ತು. ಆ ಪಿಸ್ತೂಲು ಕಾಡತೂಸಿನ ಸಾಮಾನ್ಯ ಒತ್ತಡವು ಆ ರಿವಾಲ್ವರ್ ತಾಳಬೇಕಾದ ಮಿತಿಯನ್ನು ಮೀರುತ್ತದೆ. ಕಾಡತೂಸು ಕೋಣೆಯೊಳಗೆ ಕೂರುತ್ತದೆ ಎಂಬುದು ಅದು ಸರಿಯಾದ ಕಾಡತೂಸು ಎಂಬುದಕ್ಕೆ ಸಾಕ್ಷಿಯಲ್ಲ.

7. ಹೊರಗಿನಿಂದ ಕಾಣದ ದೋಷಗಳು

ಕೈಯಿಂದ ತುಂಬಿದ ಕಾಡತೂಸಿನ ಅಪಾಯದ ಮೂಲ ಇಲ್ಲಿದೆ. .38 ಸ್ಪೆಷಲ್ ಹಾಗೂ .45 ಕೋಲ್ಟ್ ಕವಚಗಳು ಕಪ್ಪು ಮದ್ದಿನ ಕಾಲದಲ್ಲಿ ರೂಪುಗೊಂಡವು. ಕಪ್ಪು ಮದ್ದು ಕವಚವನ್ನು ಪೂರ್ಣ ತುಂಬುತ್ತಿತ್ತು. ಇಂದಿನ ವೇಗದ ಮದ್ದು ಅದೇ ಕವಚದ ತಳದಲ್ಲಿ ಸ್ವಲ್ಪ ಭಾಗವನ್ನಷ್ಟೇ ಆವರಿಸುತ್ತದೆ. ಗಮನ ಬೇರೆಡೆ ಹರಿದಾಗ ಒಂದೇ ಕವಚಕ್ಕೆ ಎರಡು ಬಾರಿ ಮದ್ದು ಬಿದ್ದರೂ ಅದು ಹೊರಚೆಲ್ಲುವುದಿಲ್ಲ. ಗುಂಡನ್ನು ಬಿಗಿದ ನಂತರ ಆ ಕಾಡತೂಸು ಉಳಿದವುಗಳಂತೆಯೇ ಕಾಣುತ್ತದೆ. ಹಾರಿಸಿದಾಗ ಸಿಲಿಂಡರಿನ ಮೇಲ್ಭಾಗವೂ ಅದರ ಮೇಲಿನ ಚೌಕಟ್ಟೂ ಹಾರಿಹೋಗಬಹುದು.

ಇದಕ್ಕೆ ವಿರುದ್ಧವಾದ ದೋಷವೆಂದರೆ ಮದ್ದಿಲ್ಲದ ಕಾಡತೂಸು. ಪ್ರೈಮರಿನ ಶಕ್ತಿಯೊಂದರಿಂದಲೇ ಗುಂಡು ನಳಿಗೆಯೊಳಕ್ಕೆ ನುಗ್ಗಿ ಅಲ್ಲಿಯೇ ನಿಲ್ಲುತ್ತದೆ. ಸದ್ದು ಸಣ್ಣದಾಗಿರುತ್ತದೆ, ಹಿಂದೊದೆತ ಇರುವುದಿಲ್ಲ. ಇದನ್ನು ಗಮನಿಸದೆ ಎರಡನೆಯ ಗುಂಡು ಹಾರಿಸಿದಲ್ಲಿ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ.

ಮೂರನೆಯ ದೋಷ ರಿವಾಲ್ವರಿಗೆ ವಿಶಿಷ್ಟವಾದುದು. ಗುಂಡನ್ನು ಕವಚದ ಬಾಯಲ್ಲಿ ಸಾಕಷ್ಟು ಬಿಗಿಯದಿದ್ದಲ್ಲಿ, ಮೊದಲ ಗುಂಡಿನ ಹಿಂದೊದೆತಕ್ಕೆ ಉಳಿದ ಕೋಣೆಗಳ ಗುಂಡುಗಳು ಮುಂದಕ್ಕೆ ಸರಿದು ಸಿಲಿಂಡರಿನಿಂದ ಹೊರಚಾಚಿ, ಅದು ತಿರುಗದಂತೆ ತಡೆಯುತ್ತವೆ.

ಈ ಮೂರೂ ದೋಷಗಳು ಅಜ್ಞಾನದಿಂದ ಮಾತ್ರವಲ್ಲ, ಅನುಭವಸ್ಥರ ಕ್ಷಣಕಾಲದ ಮರೆವಿನಿಂದಲೂ ಸಂಭವಿಸುತ್ತವೆ. ಆದ್ದರಿಂದ ಈ ಪದ್ಧತಿ ಕಾನೂನುಬದ್ಧವಾಗಿರುವ ಕಡೆಗಳಲ್ಲಿ, ಮೇಜಿನ ಮೇಲೆ ಏಕಕಾಲಕ್ಕೆ ಒಂದೇ ಬಗೆಯ ಮದ್ದು ಮತ್ತು ಒಂದೇ ಬಗೆಯ ಪ್ರೈಮರ್ ಇಡುವುದು, ಗುಂಡು ಕೂರಿಸುವ ಮೊದಲು ಪ್ರತಿ ಕವಚದೊಳಗೆ ಬೆಳಕು ಹಾಯಿಸಿ ನೋಡುವುದು, ಕೋಷ್ಟಕದ ಆರಂಭಿಕ ಪ್ರಮಾಣದಿಂದಲೇ ತೊಡಗುವುದು, ಪ್ರತಿ ತಂಡದ ವಿವರವನ್ನು ಪುಸ್ತಕದಲ್ಲಿ ಬರೆದಿಡುವುದು ಹಾಗೂ ಅಪರಿಚಿತರು ತುಂಬಿದ ಕಾಡತೂಸನ್ನು ಬಳಸದಿರುವುದು ಕಡ್ಡಾಯ ಶಿಸ್ತುಗಳೆನಿಸಿವೆ. ಲೆಕ್ಕದ ಪುಸ್ತಕದಲ್ಲಿನ ತಪ್ಪನ್ನು ವರ್ಷಾಂತ್ಯದ ತಾಳೆಯಲ್ಲಿ ಸರಿಪಡಿಸಬಹುದು. ಕಾಡತೂಸಿನೊಳಗಿನ ತಪ್ಪು ತಿಳಿಯುವುದು ಅದು ಕೈಯಲ್ಲಿ ಸಿಡಿದಾಗ ಮಾತ್ರ.

8. ವಿದೇಶದ ಕಾನೂನು, ಭಾರತದ ಕಾನೂನು

ಅಮೆರಿಕದ ಸಂಯುಕ್ತ ಕಾನೂನಿನಂತೆ ಸ್ವಂತ ಬಳಕೆಗೆ ಕಾಡತೂಸು ತುಂಬಲು ಪರವಾನಗಿ ಬೇಕಿಲ್ಲ; ಮಾರಾಟಕ್ಕಾಗಿ ತಯಾರಿಸಲು ಬೇಕು. ರಾಜ್ಯ ಮತ್ತು ಸ್ಥಳೀಯ ನಿಯಮಗಳು ಬೇರೆಯಾಗಿರಬಹುದು. ಅಲ್ಲಿನ ಅಗ್ನಿ ಸುರಕ್ಷತಾ ಸಂಹಿತೆಯು ಮನೆಯಲ್ಲಿ ಮೂಲ ಡಬ್ಬಿಗಳಲ್ಲಿ 20 ಪೌಂಡ್ ಹೊಗೆರಹಿತ ಮದ್ದು ಹಾಗೂ 10,000 ಪ್ರೈಮರ್‌ಗಳ ಮಿತಿಯನ್ನು ವಿಧಿಸಿದೆ.

ಭಾರತದಲ್ಲಿ ಆಯುಧ ಅಧಿನಿಯಮ, 1959 ಮತ್ತು ಆಯುಧ ನಿಯಮಗಳು, 2016 ಅನ್ವಯಿಸುತ್ತವೆ. ಪರವಾನಗಿದಾರರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

(1) ಅಧಿನಿಯಮದ 2ನೆಯ ಪ್ರಕರಣದಲ್ಲಿ ಮದ್ದುಗುಂಡು ಎಂಬ ಪದದ ವ್ಯಾಪ್ತಿಯು ಸಿದ್ಧ ಕಾಡತೂಸಿಗೆ ಸೀಮಿತವಾಗಿಲ್ಲ. ಬಂದೂಕಿನ ಮದ್ದಿನ ತುಂಬುಗಳು, ಮದ್ದುಗುಂಡಿನ ಬಿಡಿಭಾಗಗಳು ಮತ್ತು ಮದ್ದುಗುಂಡು ತಯಾರಿಸುವ ಯಂತ್ರಗಳೂ ಅದರಲ್ಲಿ ಸೇರಿವೆ. ಅಂದರೆ, ಮರುತುಂಬುವ ಯಂತ್ರವೂ ಕಾನೂನಿನ ದೃಷ್ಟಿಯಲ್ಲಿ ಕೇವಲ ಉಪಕರಣವಲ್ಲ.

(2) 5ನೆಯ ಪ್ರಕರಣದಂತೆ, ಮದ್ದುಗುಂಡಿನ ತಯಾರಿಕೆ ಮತ್ತು ಮಾರಾಟಕ್ಕೆ ಪ್ರತ್ಯೇಕ ಪರವಾನಗಿ ಅಗತ್ಯ. ರಿವಾಲ್ವರನ್ನು ಹೊಂದಲು ನೀಡಲಾದ ಪರವಾನಗಿಯು ತಯಾರಿಕೆಯ ಪರವಾನಗಿಯಾಗುವುದಿಲ್ಲ. ಪರವಾನಗಿಯಲ್ಲಿ ಸ್ಪಷ್ಟವಾಗಿ ನಮೂದಿಸದ ಯಾವುದೇ ಅಧಿಕಾರವನ್ನು ಊಹಿಸಿಕೊಳ್ಳತಕ್ಕದ್ದಲ್ಲ.

(3) 2019ರ ತಿದ್ದುಪಡಿಯ ನಂತರ, 5ನೆಯ ಪ್ರಕರಣವನ್ನು ಉಲ್ಲಂಘಿಸಿ ತಯಾರಿಸುವ ಅಪರಾಧಕ್ಕೆ 7 ವರ್ಷಗಳಿಗೆ ಕಡಿಮೆಯಿಲ್ಲದ, ಆಜೀವ ಕಾರಾವಾಸದವರೆಗೆ ವಿಸ್ತರಿಸಬಹುದಾದ ಶಿಕ್ಷೆ ಮತ್ತು ಜುಲ್ಮಾನೆ ವಿಧಿಸಲು ಅವಕಾಶವಿದೆ.

(4) ಮದ್ದು ಮತ್ತು ಇತರ ಸ್ಫೋಟಕಗಳಿಗೆ ಸ್ಫೋಟಕಗಳ ಅಧಿನಿಯಮ, 1884 ಹಾಗೂ ಸ್ಫೋಟಕಗಳ ನಿಯಮಗಳು, 2008 ಸಹ ಅನ್ವಯಿಸುತ್ತವೆ. ಇವುಗಳ ಆಡಳಿತವನ್ನು ನಾಗಪುರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ ನಿರ್ವಹಿಸುತ್ತದೆ.

(5) ಮದ್ದುಗುಂಡಿನ ಆಮದಿಗೆ 10ನೆಯ ಪ್ರಕರಣದಡಿ ಪರವಾನಗಿ ಅಗತ್ಯ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಊರಿಗೆ ಬರುವಾಗ ಬಂಧುಗಳ ಕೋರಿಕೆಯಂತೆ ಮದ್ದಿನ ಡಬ್ಬಿಯನ್ನಾಗಲಿ ಪ್ರೈಮರ್ ಪೆಟ್ಟಿಗೆಯನ್ನಾಗಲಿ ತರತಕ್ಕದ್ದಲ್ಲ. ಬಿಡಿ ಮದ್ದು ಮತ್ತು ಪ್ರೈಮರ್‌ಗಳನ್ನು ಅಲ್ಲಿನ ವಿಮಾನ ನಿಲ್ದಾಣಗಳ ಭದ್ರತಾ ನಿಯಮದಂತೆ ಕೈಚೀಲದಲ್ಲಾಗಲಿ ತಪಾಸಣೆಗೆ ಕೊಟ್ಟ ಪೆಟ್ಟಿಗೆಯಲ್ಲಾಗಲಿ ಒಯ್ಯುವಂತಿಲ್ಲ.

9. ಪರವಾನಗಿದಾರರ ಕೈಯಲ್ಲಿರುವ ಆಯ್ಕೆ

ಮೇಲಿನ ಕಾರಣಗಳಿಂದ ಭಾರತದ ರಿವಾಲ್ವರ್ ಪರವಾನಗಿದಾರರಿಗೆ ಮದ್ದು ಮತ್ತು ಪ್ರೈಮರ್‌ಗಳ ಆಯ್ಕೆ ಕಾರ್ಖಾನೆಯಲ್ಲಿಯೇ ಮುಗಿದಿರುತ್ತದೆ. ಕಾನಪುರದಲ್ಲಿ ತಯಾರಾಗುವ .32 ರಿವಾಲ್ವರುಗಳೂ, ಪುಣೆಯ ಬಳಿಯ ಖಡ್ಕಿಯ ಮದ್ದುಗುಂಡು ಕಾರ್ಖಾನೆಯೂ ಮೊದಲು ಆಯುಧ ಕಾರ್ಖಾನೆಗಳ ಮಂಡಳಿಯ ಅಧೀನದಲ್ಲಿದ್ದವು. 2021ರ ಅಕ್ಟೋಬರ್ 1ರಿಂದ ಮಂಡಳಿಯು ಏಳು ಸರ್ಕಾರಿ ಕಂಪನಿಗಳಾಗಿ ವಿಂಗಡಣೆಯಾಗಿದ್ದು, ಖಡ್ಕಿ ಕಾರ್ಖಾನೆಯು ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ನ ಭಾಗವಾಗಿದೆ. ಪರವಾನಗಿದಾರರ ಕೈಯಲ್ಲಿ ಉಳಿಯುವ ಆಯ್ಕೆಯೆಂದರೆ ಸರಿಯಾದ ಕಾಡತೂಸನ್ನು ಕೊಳ್ಳುವುದು, ಸರಿಯಾಗಿ ಇಡುವುದು ಮತ್ತು ಸಂಶಯ ಬಂದದ್ದನ್ನು ಬಿಡುವುದು.

(ಅ) ಖರೀದಿ: ಪರವಾನಗಿ ಪಡೆದ ವ್ಯಾಪಾರಿಯಿಂದ ಮಾತ್ರ, ಪರವಾನಗಿಯಲ್ಲಿ ನಮೂದಿಸಿದ ಸಂಖ್ಯೆಯ ಮಿತಿಯೊಳಗೆ ಖರೀದಿಸಬೇಕು. ನಳಿಗೆಯ ಮೇಲೆ ಕೆತ್ತಿರುವ ಕಾಡತೂಸಿನ ಹೆಸರನ್ನೂ ಪೆಟ್ಟಿಗೆಯ ಮೇಲಿನ ಹೆಸರನ್ನೂ ಪೂರ್ಣವಾಗಿ ಹೋಲಿಸಬೇಕು. .32 ಎಂಬ ಸಂಖ್ಯೆ ರಿವಾಲ್ವರ್ ಮತ್ತು ಪಿಸ್ತೂಲು ಕಾಡತೂಸುಗಳೆರಡಕ್ಕೂ ಇರುವುದರಿಂದ ಸಂಖ್ಯೆಯನ್ನಷ್ಟೇ ಹೇಳಿ ಕೊಳ್ಳುವುದು ಸಾಲದು.

(ಆ) ದಾಸ್ತಾನು: ಕಾಡತೂಸುಗಳನ್ನು ಮೂಲ ಪೆಟ್ಟಿಗೆಯಲ್ಲಿಯೇ, ಒಣಗಿದ ತಂಪಾದ ಸ್ಥಳದಲ್ಲಿ, ಬೀಗ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಚರ್ಮದ ಪಟ್ಟಿಯಲ್ಲಿ ಬಹುಕಾಲ ಇಟ್ಟಲ್ಲಿ, ಚರ್ಮ ಹದಮಾಡಲು ಬಳಸಿದ ರಾಸಾಯನಿಕಗಳಿಂದ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಈ ಬಗ್ಗೆ ಹೆಚ್ಚಿನ ಗಮನ ಅಗತ್ಯ. ಕಾಡತೂಸಿಗೆ ಎಣ್ಣೆ ಹಚ್ಚಬಾರದು. ಎಣ್ಣೆ ಒಳಕ್ಕೆ ಇಳಿದು ಪ್ರೈಮರನ್ನು ಕೆಡಿಸಬಹುದು.

(ಇ) ಪರಿಶೀಲನೆ: ಕಿಲುಬು ಕಟ್ಟಿದ, ಕವಚ ಬಿರಿದ, ಗುಂಡು ಸಡಿಲವಾದ ಅಥವಾ ಒಳತಳ್ಳಿದ, ಪ್ರೈಮರ್ ಹೊರಚಾಚಿದ ಕಾಡತೂಸನ್ನು ಬಳಸಬಾರದು. ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ದೊರೆತ, ಮೂಲ ತಿಳಿಯದ ಕಾಡತೂಸನ್ನು ಮರುತುಂಬಿದ್ದೆಂದೇ ಭಾವಿಸಿ ದೂರವಿಡಬೇಕು.

(ಈ) ಸಿಡಿಯದ ಕಾಡತೂಸು: ಟ್ರಿಗರ್ ಎಳೆದರೂ ಸಿಡಿಯದಿದ್ದಲ್ಲಿ ನಳಿಗೆಯನ್ನು ಸುರಕ್ಷಿತ ದಿಕ್ಕಿನಲ್ಲಿಯೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ಕೂಡಲೇ ಟ್ರಿಗರ್ ಎಳೆದು ಮುಂದಿನ ಕೋಣೆಗೆ ಹೋಗಬಾರದು. ತಡವಾಗಿ ಹೊತ್ತಿದ ಕಾಡತೂಸು, ನಳಿಗೆಯ ನೇರದಿಂದ ಸಿಲಿಂಡರ್ ಸರಿದ ಮೇಲೆ ಸಿಡಿದಲ್ಲಿ, ಗುಂಡಿಗೆ ಹೊರಹೋಗಲು ದಾರಿಯಿರುವುದಿಲ್ಲ.

(ಉ) ಕ್ಷೀಣ ಸದ್ದು: ಸದ್ದು ಅಥವಾ ಹಿಂದೊದೆತ ಎಂದಿಗಿಂತ ಕಡಿಮೆಯೆನಿಸಿದಲ್ಲಿ ಹಾರಿಸುವುದನ್ನು ತಕ್ಷಣ ನಿಲ್ಲಿಸಿ, 30 ಸೆಕೆಂಡು ಕಾದು, ಸಿಲಿಂಡರನ್ನು ಖಾಲಿ ಮಾಡಿದ ಬಳಿಕವೇ ನಳಿಗೆಯಲ್ಲಿ ತಡೆಯಿದೆಯೇ ಎಂದು ಪರೀಕ್ಷಿಸಬೇಕು. ಸಿಲುಕಿದ ಗುಂಡನ್ನು ಮತ್ತೊಂದು ಗುಂಡಿನಿಂದ ಹೊರತಳ್ಳುವ ಯತ್ನ ಪ್ರಾಣಾಪಾಯಕಾರಿ. ಆಯುಧವನ್ನು ಪರವಾನಗಿ ಪಡೆದ ದುರಸ್ತಿಗಾರನಲ್ಲಿಗೆ ಒಯ್ಯಬೇಕು.

10. ಹಳೆಯ ಪೆಟ್ಟಿಗೆಗಳಲ್ಲಿ ದೊರೆಯುವ ಮದ್ದುಗುಂಡು

ಪರವಾನಗಿದಾರರು ನಿಧನರಾದ ನಂತರ ಅವರ ಟ್ರಂಕು ಅಥವಾ ಕಪಾಟಿನಲ್ಲಿ ಕಾಡತೂಸುಗಳು, ಮದ್ದಿನ ಡಬ್ಬಿಗಳು ಅಥವಾ ಪ್ರೈಮರ್ ಪೆಟ್ಟಿಗೆಗಳು ಮನೆಯವರ ಕಣ್ಣಿಗೆ ಬೀಳುವುದುಂಟು. ಹೊಗೆರಹಿತ ಮದ್ದಿಗೆ ಆಯುಷ್ಯವಿದೆ. ಅದು ಕೆಡದಂತೆ ಬೆರೆಸಿದ ಸ್ಥಿರಕಾರಕವು ಕಾಲಕ್ರಮದಲ್ಲಿ ಕ್ಷಯಿಸುತ್ತದೆ. ಕೆಡುವ ಮದ್ದು ಆಮ್ಲದ ಘಾಟು ವಾಸನೆಯನ್ನೂ ಕೆಂಪು ಛಾಯೆಯ ಹೊಗೆಯನ್ನೂ ಸೂಸುತ್ತದೆ ಮತ್ತು ತಾನಾಗಿಯೇ ಹೊತ್ತಿಕೊಳ್ಳುವ ಸಂಭವವಿದೆ. ಪ್ರೈಮರ್‌ಗಳನ್ನು ಡಬ್ಬಿಯಲ್ಲಿ ಒಟ್ಟಾಗಿ ಸುರಿದಿಟ್ಟಿದ್ದಲ್ಲಿ ಒಂದು ಸಿಡಿದರೆ ಎಲ್ಲವೂ ಒಮ್ಮೆಗೇ ಸಿಡಿಯಬಹುದು. ಆದ್ದರಿಂದ ಅಂತಹ ವಸ್ತುಗಳನ್ನು ಅಲುಗಾಡಿಸದೆ, ಬೆಂಕಿಗೆ ಹಾಕದೆ, ಬಾವಿಗೆ ಎಸೆಯದೆ, ಹತ್ತಿರದ ಪೊಲೀಸ್ ಠಾಣೆಗೆ ಮೊದಲು ಮಾಹಿತಿ ನೀಡಿ, ಅವರ ಸೂಚನೆಯಂತೆ ನಡೆಯಬೇಕು.

ಸ್ವಾಧೀನವು ಕಾನೂನುಬದ್ಧವಾಗಿ ಉಳಿಯದ ಆಯುಧ ಮತ್ತು ಮದ್ದುಗುಂಡನ್ನು ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ನಿಗದಿತ ಷರತ್ತುಗಳಂತೆ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡಬೇಕೆಂದು ಅಧಿನಿಯಮದ 21ನೆಯ ಪ್ರಕರಣ ವಿಧಿಸುತ್ತದೆ. ತಂದೆಯ ಕಾಲದ ವಸ್ತುವೆಂಬ ಭಾವನೆಯಿಂದ ಇಟ್ಟುಕೊಳ್ಳುವುದು ಅಪರಾಧವಾಗಬಹುದು. ತಾವಾಗಿಯೇ ಒಪ್ಪಿಸುವುದು ಕರ್ತವ್ಯಪಾಲನೆ. ಠೇವಣಿಗೆ ರಸೀದಿ ಪಡೆಯುವುದನ್ನು ಮರೆಯಬಾರದು.

11. ಉಪಸಂಹಾರ

ಮದ್ದು, ಪ್ರೈಮರ್, ಗುಂಡು, ಕವಚ ಮತ್ತು ಆಯುಧ ಇವು ಐದೂ ಒಂದಕ್ಕೊಂದು ಹೊಂದಿದಾಗ ಮಾತ್ರ ಕಾಡತೂಸು ಸುರಕ್ಷಿತವೆನಿಸುತ್ತದೆ. ಇವುಗಳಲ್ಲಿ ಒಂದು ಬದಲಾದರೂ ಉಳಿದ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಆ ಲೆಕ್ಕ ಸರಿಯಿದೆಯೇ ಎಂಬುದನ್ನು ಕಾಡತೂಸಿನ ಹೊರಮೈ ಹೇಳುವುದಿಲ್ಲ. ಈ ಕಾರಣದಿಂದಲೇ ಕಾನೂನು ಅದರ ತಯಾರಿಕೆಯನ್ನು ಪ್ರತ್ಯೇಕ ಪರವಾನಗಿಗೆ ಒಳಪಡಿಸಿರುವುದು ಅರ್ಥಪೂರ್ಣವಾಗಿದೆ.

ಈ ಕುರಿತು ಸಂದೇಹವಿರುವ ಪರವಾನಗಿದಾರರು ತಮ್ಮ ಪರವಾನಗಿ ಪ್ರಾಧಿಕಾರವನ್ನು, ಅಂದರೆ ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಗಳನ್ನು ಹಾಗೂ ಬೆಂಗಳೂರು ನಗರದಲ್ಲಿ ಪೊಲೀಸ್ ಆಯುಕ್ತರನ್ನು, ಸಂಪರ್ಕಿಸಿ ಲಿಖಿತ ಸ್ಪಷ್ಟೀಕರಣ ಪಡೆಯಬಹುದಾಗಿದೆ. ಈ ಪುಟದ ವಿವರಗಳು ಸಾಮಾನ್ಯ ಮಾಹಿತಿಗಾಗಿ ಮಾತ್ರ. ಅಧಿನಿಯಮ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ.